ಬಿಸಿಲಲ್ಲಿದ್ದೋಳು ನಾನು

ಬಿಳಿಕೆರೆ
18-6-2005

ವಿಮಲಿ,

ಮಧುಶ್ರೀ ಬಂದು ಸೇರಿದ್ಲು ಅಂತ ನಿನ್ನ ಗಂಡ ಇಲ್ಲಿ ಅಂಗಡಿ ಫೋನಿಗೆ ಹೇಳಿದ್ರಂತೆ. ಅಂಗಡಿಯೋನು ರಸ್ತೇಲಿ ನಿಂತ್ಕಂಡು ಬಸ್ಸಿಗೆ ಕಾಯೋರಿಗೆಲ್ಲ ಕೇಳೋ ಹಂಗೆ ಕೂಗಿ ಹೇಳ್ದ. ಇನ್ಮೇಲೆ ಏನಿದ್ರೂ ಕಾಗದ ಬರಿ. ನನ್ನ ಮಗಳ ವಿಷಯ ಅಂಗಡಿಯೋನ ಬಾಯಲ್ಲಿ ಕೇಳೋಕೆ ನಂಗಿಷ್ಟ ಇಲ್ಲ.

ಹತ್ರದಲ್ಲಿ ಹುಣಸೂರು ಇರೋವಾಗ ಪಿರಿಯಾಪಟ್ಟಣಕ್ಕೆ ಯಾಕೆ ಪಿಯುಸಿ ಓದೋಕೆ ಕಳಿಸಿದ್ರಿ ಅಂತ ಇಲ್ಲಿ ಎಲ್ರೂ ಕೇಳ್ತಾವ್ರೆ. ತಂಗಿ ಮನೆ ಕಾಲೇಜಿನ ಹಿಂದ್ಗಡೆನೇ ಅದೆ ಅಂತ ಹೇಳ್ತೀನಿ. ಹುಣಸೂರು ಬಸ್ ಸ್ಟ್ಯಾಂಡಲ್ಲಿ ಹುಡುಗ್ರು ಅವಳ ಮೈ ನೋಡ್ಕಂಡು ಏನಂದ್ರು ಅನ್ನೋದ ಯಾರಿಗೂ ಹೇಳಿಲ್ಲ. ಅದನ್ನ ಅವಳು ನಂಗೂ ಹೇಳಿರಲಿಲ್ಲ. ನಿಂಗೆ ಹೇಳಿದ್ಲು, ನೀನು ನಂಗೆ ಹೇಳಿದೆ. ಇರ್ಲಿ ಬುಡು.

ಇನ್ನೊಂದು ವಿಷಯ. ಮೈಸೂರಿಂದ ಡಾಕ್ಟ್ರುಗಳು ಬಂದು ನಮ್ಮೂರ ಸ್ಕೂಲಲ್ಲಿ ದಪ್ಪ ಇರೋರ ರಕ್ತ ತಗೊಂಡ್ರು. ಡಿ ಅನ್ನೋ ಜೀವಸತ್ವ ರಕ್ತದಲ್ಲಿ ಎಷ್ಟದೆ ಅಂತ ನೋಡ್ತಾರಂತೆ. ಅದು ಕಮ್ಮಿಯಾದ್ರೆ ಮೂಳೆ ಮೆತ್ತಗಾಗಿ ತೊಡೆ, ಸೊಂಟ ನೋಯ್ತದಂತೆ. ನನ್ನ ಕಥೆ ನಿಂಗೆ ಗೊತ್ತು. ಕೂತ್ರೆ ಏಳೋಕೆ ಗೋಡೆ ಬೇಕು. ನಮ್ಮತ್ತೆ ಅದಕ್ಕೆ ಸೋಮಾರಿತನ ಅಂತ ಹೆಸರಿಟ್ಟವ್ಳೆ. ಅದಕ್ಕೇ ನಾನೂ ಕೈ ಚಾಚಿದೆ.

ರಮ್ಯಾ ಅಂತ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ, ಒಡಹುಟ್ಟಿದೋರು ಇದ್ದಾರಾ, ಅವರೂ ದಪ್ಪಾನಾ ಅಂತ ಕೇಳಿದ್ಲು. ತಂಗಿ ಒಬ್ಳು ಅವ್ಳೆ, ನನ್ನಷ್ಟೇ ಅವ್ಳೆ ಅಂದೆ. ಒಂದೇ ಹೊಟ್ಟೇಲಿ ಹುಟ್ಟಿದ ಇಬ್ಬರ ರಕ್ತ ಪಕ್ಕಪಕ್ಕ ಇಟ್ಟು ನೋಡಿದ್ರೆ, ಹುಟ್ಟಿನಿಂದ ಬಂದದ್ದು ಯಾವ್ದು, ಬದುಕಿನಿಂದ ಬಂದದ್ದು ಯಾವ್ದು ಅಂತ ಸ್ವಲ್ಪ ತಿಳೀತದಂತೆ. ನೀನು ಮೈಸೂರಿಗೆ ಹೋಗಿ ಕೊಟ್ಟು ಬಾ. ಡಿ ಬರೋದು ಬಿಸಿಲಿಂದಂತೆ. ನೀನು ದಿನಾ ನೆರಳಲ್ಲಿ ಹೊಲಿಗೆ ಮಿಷಿನ್ ಮುಂದೆ ಕೂತಿರೋಳು. ನಿಂಗೇ ಕಮ್ಮಿ ಇರೋದು, ನೋಡ್ಸಿಕೊ.

ಮಧುಗೆ ಅನ್ನ ಜಾಸ್ತಿ ಹಾಕಬ್ಯಾಡ. ಮುದ್ದೆ ಇರ್ಲಿ.

ಪುಟ್ಟಲಕ್ಷ್ಮಿ


ಪಿರಿಯಾಪಟ್ಟಣ
9-7-2005

ಅಕ್ಕನಿಗೆ ವಿಮಲ ಮಾಡುವ ನಮಸ್ಕಾರ.

ನೀನು ಹೇಳಿದಂತೆ ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ಒಬ್ಬಳೇ ಹೋಗೋಕೆ ಬೇಜಾರಾಗಿ ಮಧುನ ಕರಕೊಂಡು ಹೋಗಿದ್ದೆ. ತೂಕ ನೋಡಿದರು, ಸೊಂಟದ ಸುತ್ತಳತೆ ತಗೊಂಡರು. ದಿನಾ ಅವರಿವರ ಅಳತೆ ತಗೊಳ್ಳೋಳು ನಾನು, ನನ್ನ ಸೊಂಟಕ್ಕೆ ಟೇಪು ಸುತ್ತಿದಾಗ ನಾಚಿಕೆ ಆಯ್ತು. ರಮ್ಯಾ ಡಾಕ್ಟರು ನಗಲಿಲ್ಲ, ಅದು ನನಗೆ ಇಷ್ಟ ಆಯ್ತು. ವಾಪಸ್ ಬರುವಾಗ ಮಧುಗೆ ದೋಸೆ ಕೊಡಿಸಿದೆ. ಬೈಬೇಡ, ಒಂದೇ.

ಹುಡುಗಿ ಇಲ್ಲಿ ಹೊಂದಿಕೊಂಡಿದ್ದಾಳೆ. ಅವಳಿಗೆ ಮೈಗೆ ಸರಿಯಾಗಿ ಕೂರೋ ಹಾಗೆ ಎರಡು ಚೂಡಿದಾರ್ ಹೊಲಿದೆ. ಅಂಗಡಿ ಬಟ್ಟೆ ದಪ್ಪ ಇರೋರನ್ನ ಮೂಟೆ ಥರ ಕಾಣಿಸುತ್ತೆ, ತೋಳಿನ ಹತ್ತಿರ ಸ್ವಲ್ಪ ಬಟ್ಟೆ ಬಿಟ್ಟು ಹೊಲಿದರೆ ಎಷ್ಟು ಚೆನ್ನಾಗಿ ಕಾಣ್ತಾಳೆ ಗೊತ್ತಾ. ಕನ್ನಡಿ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಸಂಜೆ ನನ್ನ ಪಕ್ಕ ಕೂತು ಗುಂಡಿ ಹಾಕಿಕೊಡ್ತಾಳೆ, ಮಾತಾಡ್ತಾನೇ ಇರ್ತಾಳೆ. ಇವರು ಕೆ.ಆರ್. ನಗರದ ಅಕ್ಕಿ ಗಿರಣಿಯಿಂದ ವಾರಕ್ಕೊಮ್ಮೆ ಬರೋದು ನಿನಗೆ ಗೊತ್ತಲ್ಲ. ಈಗ ಮನೇಲಿ ಮಾತು ಇದೆ.

ಡಿ ಕಮ್ಮಿ ಇದ್ದರೆ ನನಗೇ ಇರುತ್ತೆ, ನೀನು ಯೋಚನೆ ಮಾಡಬೇಡ.

ವಿಮಲ


ಬಿಳಿಕೆರೆ
26-9-2005

ವಿಮಲಿ,

ರಕ್ತದ ಲೆಕ್ಕ ಬಂತು. ನಂದು ಒಂಬತ್ತು, ನಿಂದು ಇಪ್ಪತ್ತೇಳು. ಇಪ್ಪತ್ತಕ್ಕಿಂತ ಕೆಳಗಿದ್ರೆ ಕಮ್ಮಿ ಅಂತ ಅರ್ಥವಂತೆ.

ನಾನು ಓದಿದ್ದು ಸರಿಯಾ ಅಂತ ಡಾಕ್ಟ್ರಮ್ಮನ್ನ ಮತ್ತೆ ಕೇಳಿದೆ. ಹೆಸರು ಅದಲು ಬದಲಾಗಿರಬೇಕು ನೋಡವ್ವ ಅಂದೆ. ಇಲ್ಲ ಅಂದ್ಲು. ಹೊಗೆಸೊಪ್ಪಿನ ಹೊಲದಲ್ಲಿ ಬೆಳಿಗ್ಗೆಯಿಂದ ಬೆನ್ನು ಸುಟ್ಕಳ್ಳೋಳು ನಾನು. ನನ್ನ ತೋಳು ನೋಡು, ಮೊಣಕೈ ತಾವ ಗೆರೆ ಬಿದ್ದದೆ, ಕೆಳಗೆ ಒಂದು ಬಣ್ಣ, ಮೇಲೆ ಒಂದು ಬಣ್ಣ. ಬಿಸಿಲಲ್ಲಿದ್ದೋಳು ನಾನು, ಅದರ ಸತ್ವ ಹೋಗಿ ಸೇರಿದ್ದು ಫ್ಯಾನ್ ಕೆಳಗೆ ಕೂತಿರೋ ನಿಂಗೆ. ನಿಂಗಾದ್ರೂ ಇದು ನ್ಯಾಯ ಅನಿಸ್ತದಾ?

ದಪ್ಪ ಇರೋರ ಮೈಯಲ್ಲಿ ಕೊಬ್ಬು ಆ ಡಿಯನ್ನ ಹಿಡಿದಿಟ್ಕಂಡು ರಕ್ತಕ್ಕೆ ಬುಡಲ್ವಂತೆ. ಸರಿ, ನನ್ನ ತಂಗೀನೂ ದಪ್ಪ ಅಲ್ವಾ ಅಂದೆ. ಅದಕ್ಕೇ ನಿಮ್ಮಿಬ್ಬರ ರಕ್ತ ನಮಗೆ ಬೇಕಾಗಿದ್ದು, ಹುಟ್ಟಿನಿಂದ ಏನಾದ್ರೂ ವ್ಯತ್ಯಾಸ ಅದಾ ಅಂತ ನೋಡ್ತಾ ಇದೀವಿ, ಅದಕ್ಕೆ ಇನ್ನೂ ಟೈಮ್ ಬೇಕು ಅಂದ್ಲು. ವಾರಕ್ಕೊಂದು ಪುಡಿ ಹಾಲಿಗೆ ಹಾಕಿ ಕುಡಿ ಅಂತ ಕೊಟ್ಟವ್ಳೆ. ಕುಡೀತಾ ಇದೀನಿ.

ಗೌರಿ ಹಬ್ಬಕ್ಕೆ ಬಂದಾಗ ಮಧು ಒಂದು ಮಾತು ಹೇಳಿದ್ಲು. ಮೈಸೂರಲ್ಲಿ ನರ್ಸಮ್ಮ ನಿಮ್ಮಿಬ್ಬರನ್ನೂ ನೋಡಿ, ಅಮ್ಮ ಮಗಳು ಎಷ್ಟು ಚೆನ್ನಾಗಿ ಒಂದೇ ಥರ ಇದೀರಿ ಅಂದ್ಲಂತೆ. ನೀನು ಅಲ್ಲ ಅನ್ನಲಿಲ್ವಂತೆ. ಮಧು ನಗಾಡ್ಕಂಡೇ ಹೇಳಿದ್ಲು. ನೀನು ಬರೆದ ಕಾಗದದಲ್ಲಿ ದೋಸೆ ಇತ್ತು, ಈ ಮಾತಿರಲಿಲ್ಲ.

ದಸರಾ ರಜಕ್ಕೆ ಪೂರ್ತಿ ಇಲ್ಲೇ ಇರೋ ಹಂಗೆ ಕಳಿಸು.

ಪುಟ್ಟಲಕ್ಷ್ಮಿ


ಪಿರಿಯಾಪಟ್ಟಣ
5-10-2005

ಅಕ್ಕ,

ನನಗೂ ಆಶ್ಚರ್ಯ ಆಯ್ತು. ನಿನ್ನದು ಕಮ್ಮಿ ಬಂದದ್ದಕ್ಕೆ ಬೇಜಾರೂ ಆಯ್ತು. ನನ್ನದು ಜಾಸ್ತಿ ಇದ್ದರೆ ಅದಕ್ಕೆ ನಾನೇನು ಮಾಡಲಿ? ನಿನ್ನ ಪಾಲಿನದನ್ನು ಕಿತ್ತುಕೊಂಡು ತಂದಿಲ್ಲ.

ನರ್ಸಿನ ವಿಷಯ. ಕಂಡು ಕೇಳದ ಒಬ್ಬ ಹೆಂಗಸು ಹಾಗಂದಳು, ಹೋದಳು. ಅಷ್ಟಕ್ಕೆ ನಿಲ್ಲಿಸಿ ತಿದ್ದಬೇಕಾ ಅನಿಸಿತು. ಮದುವೆಯಾದ ಹದಿನೆಂಟು ವರ್ಷದಿಂದ ಜನ ನನ್ನನ್ನ ಏನೇನೋ ಕೇಳಿದ್ದಾರೆ, ಅಮ್ಮ ಅಂತ ಯಾರೂ ಅಂದಿರಲಿಲ್ಲ.

ದಸರಾಕ್ಕೆ ಮಧು ಬರೋಕಾಗಲ್ಲ. ಲೆಕ್ಕಕ್ಕೆ ಸ್ಪೆಷಲ್ ಕ್ಲಾಸ್ ಇಟ್ಟಿದ್ದಾರೆ. ನೀನು ನೋಡಿದರೆ ಗುರುತೇ ಸಿಗಲ್ಲ, ಅಷ್ಟು ಬೆಳ್ಳಗಾಗಿದ್ದಾಳೆ. ಬೈಲಕುಪ್ಪೆಯಿಂದ ಒಂದು ನೀಲಿ ಛತ್ರಿ ತಂದುಕೊಟ್ಟೆ, ಮುಂದಿನ ಬೀದಿಯ ಕಾಲೇಜಿಗೂ ಅದನ್ನು ಬಿಡಿಸಿಕೊಂಡೇ ಹೋಗ್ತಾಳೆ. ಆಟದ ಪೀರಿಯಡ್ಡಿಗೂ ಹೊರಗೆ ಹೋಗಲ್ವಂತೆ. ಹುಡುಗಿಯರು ಈಗ ಅವಳ ಮೈಯ ಬಗ್ಗೆ ಮಾತಾಡಲ್ಲ, ಬಣ್ಣದ ಬಗ್ಗೆ ಮಾತಾಡ್ತಾರೆ ಅಂತ ಖುಷಿ. ಆ ಖುಷಿ ಕೆಡಿಸಬೇಡ.

ಪುಡಿ ತಪ್ಪಿಸಬೇಡ, ಕುಡಿ.

ವಿಮಲ


ಬಿಳಿಕೆರೆ
22-1-2006

ವಿಮಲಿ,

ಡಾಕ್ಟ್ರಮ್ಮ ರಮ್ಯಾ ಮತ್ತೆ ಊರಿಗೆ ಬಂದಿದ್ಲು. ಹುಟ್ಟಿನಿಂದ ಬಂದ ವ್ಯತ್ಯಾಸ ಸಿಕ್ತಂತೆ. ನಮ್ಮ ಜಗಲಿ ಮೇಲೆ ಕೂತು ನಿಧಾನವಾಗಿ ಹೇಳಿದ್ಲು, ನಂಗೆ ತಿಳಿದಷ್ಟು ಬರೀತೀನಿ.

ಡಿಯನ್ನ ರಕ್ತದಲ್ಲಿ ಹೊತ್ಕಂಡು ತಿರುಗೋ ಒಂದು ಪ್ರೋಟೀನು ಅದಂತೆ. ಅದು ಹೆಂಗಿರಬೇಕು ಅಂತ ಹೇಳೋ ಪಾಠ ಎಲ್ಲರ ಮೈಯಲ್ಲೂ ಎರಡೆರಡು ಇರ್ತದೆ, ಒಂದು ಅಪ್ಪಂದು, ಒಂದು ಅವ್ವಂದು. ಆ ಪಾಠದಲ್ಲಿ ಒಂದು ಥರದ್ದು ಇದ್ದೋರಿಗೆ ರಕ್ತದಲ್ಲಿ ಡಿ ಕಮ್ಮಿ ನಿಲ್ತದೆ. ನಮ್ಮಪ್ಪನ ತಾವ ಒಳ್ಳೇದೊಂದು, ಕಮ್ಮೀದೊಂದು ಇದ್ದಿರಬೇಕಂತೆ. ಅವ್ವನ ತಾವನೂ ಹಂಗೇ. ನಂಗೆ ಬಂದದ್ದು ಇಬ್ಬರಿಂದಲೂ ಕಮ್ಮೀದು. ನಿಂಗೆ ಬಂದದ್ದು ಇಬ್ಬರಿಂದಲೂ ಒಳ್ಳೇದು.

ಯಾರೂ ಬೇಕು ಅಂತ ಕೊಡೋದಲ್ಲ, ಚೀಟಿ ಎತ್ತಿದಂಗೆ ಅಂದ್ಲು. ಇದೊಂದರಿಂದಲೇ ಅಲ್ಲ, ಇದರ ಪಾಲು ಚಿಕ್ಕದು, ದಪ್ಪದ ಪಾಲು ಇದಕ್ಕಿಂತ ದೊಡ್ಡದು, ನಮಗೆ ಗೊತ್ತಿಲ್ಲದ್ದು ಇನ್ನೂ ಬೇಕಾದಷ್ಟು ಅದೆ ಅಂತಲೂ ಅಂದ್ಲು. ನಾನು ಅರ್ಧ ಕೇಳಿಸ್ಕಂಡೆ. ಅಪ್ಪ ಅವ್ವ ಬದುಕಿದ್ದಾಗ ನಿನ್ನ ಕಡೆ ಇದ್ದದ್ದು ಸಾಲದು ಅಂತ ನಾವು ಹುಟ್ಟೋಕೆ ಮುಂಚೆನೇ ಹಿಂಗೆ ಹಂಚಿಬುಟ್ಟವ್ರೆ ಅನ್ನಿಸ್ತು. ನಾಲ್ಕು ಇತ್ತು, ಎರಡು ಒಳ್ಳೇದೂ ನಿಂಗೇ ಯಾಕೆ?

ಆದ್ರೆ ಇದನ್ನ ಕೇಳು. ಎರಡೂ ಕಮ್ಮೀದೇ ಇರೋ ತಾಯಿಯಿಂದ ಮಗಳಿಗೆ ಒಂದು ಹೋಗೇ ಹೋಗ್ತದಂತೆ. ತಪ್ಪಿಸೋಕೆ ಆಗಲ್ಲ. ಬೇಗ ಮಗಳ ರಕ್ತ ತೋರಿಸಿ ಅಂದ್ಲು. ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಡಾಕ್ಟ್ರಮ್ಮ ನನ್ನ ಮುಖ ನೋಡಿ ಯಾಕಮ್ಮ ಅಂದ್ಲು. ನೀನು ಬಟ್ಟೆ ಹೊಲಿ, ಛತ್ರಿ ಕೊಡ್ಸು, ಬೆಳ್ಳಗೆ ಮಾಡು. ನಿನ್ನ ಮನೇಲಿ ಎಷ್ಟು ದಿನ ಇದ್ರೂ ಅವಳೊಳಗಿರೋದು ನಂದೇ. ಪುಟ್ಟಲಕ್ಷ್ಮಿ ಮಗಳು ಅಂತ ರಕ್ತವೇ ಹೇಳ್ತದೆ. ನೋಡಿದೋರು ಯಾರು ಏನಂದ್ರೂ ಅಷ್ಟೇ.

ಅವಳನ್ನ ಕಳಿಸು. ನಾನೇ ಮೈಸೂರಿಗೆ ಕರ್ಕಂಡು ಹೋಗ್ತೀನಿ. ಮುಂದಿನ ವರ್ಷ ಹುಣಸೂರಲ್ಲೇ ಓದ್ಲಿ.

ಪುಟ್ಟಲಕ್ಷ್ಮಿ


ಪಿರಿಯಾಪಟ್ಟಣ
4-2-2006

ಅಕ್ಕ,

ಕಾಗದ ತಲುಪಿತು. ಯಾರ ಹೆಸರಿಗಿದೆ ಅಂತ ಸರ್ವೆ ಮಾಡಿಸಿ ನೋಡೋಕೆ ಹುಡುಗಿ ಹೊಲ ಅಲ್ಲ. ಮಾರ್ಚಿನಲ್ಲಿ ಪರೀಕ್ಷೆ. ರಕ್ತ ಕೊಡೋಕೆ ಈಗ ಇಷ್ಟ ಇಲ್ಲ ಅಂತಾಳೆ. ಪರೀಕ್ಷೆ ಮುಗಿದ ಮೇಲೆ ನೋಡೋಣ.

ಅವಳು ಚೆನ್ನಾಗಿದ್ದಾಳೆ.

ವಿಮಲ


ಬಿಳಿಕೆರೆ
20-4-2006

ವಿಮಲಿ,

ಆಸ್ಪತ್ರೆಯಿಂದ ಮಧುನ ಮನೆಗೆ ಕರ್ಕಂಡು ಬಂದು ಆಯ್ತು. ಕಾಲಿಗೆ ಹಾಕಿದ ಸಿಮೆಂಟು ಪಟ್ಟಿ ಇನ್ನೂ ತೆಗೆದಿಲ್ಲ. ಅಲ್ಲಿ ಮಂಚದ ಆ ಕಡೆ ನೀನು, ಈ ಕಡೆ ನಾನು ಕೂತಿದ್ವಿ. ನೀನು ಅಳ್ತಾ ಇದ್ದೆ. ನೀನು ಅಳೋದ ನೋಡಿ ನಂಗೆ ಅಳು ನಿಂತೋಯ್ತು. ನನ್ನ ಮಗಳಿಗೆ ನೀನು ಯಾಕೆ ಅಳಬೇಕು ಅನ್ನಿಸ್ತು.

ಕೊನೇ ಪರೀಕ್ಷೆ ಬರೆದು ಬರೋವಾಗ ಕಾಲೇಜಿನ ಮೆಟ್ಟಿಲಲ್ಲಿ ಬಿದ್ಲು ಅಂತ ನೀನು ಹೇಳಿ ಕಳಿಸ್ದೆ. ಬೀಳೋ ಮಕ್ಕಳು ಬೇಕಾದಷ್ಟು ಅವ್ರೆ, ಎಲ್ಲರ ಪಾದದ ಮೂಳೇನೂ ಮುರಿಯಲ್ಲ. ಮೂಳೆ ಡಾಕ್ಟ್ರು ಎಕ್ಸರೇ ಹಿಡ್ಕಂಡು, ಈ ವಯಸ್ಸಿಗೆ ಇಷ್ಟು ಮೆತ್ತಗಿರಬಾರದು ಅಂದ್ರು. ರಕ್ತ ನೋಡಿದ್ರೆ ಡಿ ಆರು. ನನಗಿಂತ ಕಮ್ಮಿ. ಛತ್ರಿ ಹಿಡ್ಕಂಡು ಬೆಳ್ಳಗಾದದ್ದು ಇದಕ್ಕೆ.

ನಿನ್ನೆ ತಲೆ ಬಾಚೋವಾಗ ಮಧು ಬಾಯಿ ಬಿಟ್ಲು. ಸಂಕ್ರಾಂತಿಯಿಂದಲೇ ತೊಡೆ ನೋಯ್ತಿತ್ತಂತೆ. ಕಾಲೇಜಿನ ಮಹಡಿ ಹತ್ತೋಕೆ ಕಂಬಿ ಹಿಡ್ಕಬೇಕಾಗಿತ್ತಂತೆ. ನಿಂಗೆ ಹೇಳಿದ್ಲಂತೆ, ನೀನು ಸಾಯಂಕಾಲ ಬಿಸಿ ಎಣ್ಣೆ ತಿಕ್ತಾ ಇದ್ದೆಯಂತೆ. ನಂಗೆ ಹೇಳಬ್ಯಾಡ ಅಂತ ಅವಳು ಕೇಳ್ಕಂಡ್ಲಂತೆ. ನೀನು ಹೇಳಲಿಲ್ಲ. ಎಣ್ಣೆ ತಿಕ್ಕಿದ ಕೈಯಲ್ಲೇ ಅವಳು ಚೆನ್ನಾಗಿದ್ದಾಳೆ ಅಂತ ನಂಗೆ ಬರೆದೆ.

ಅವಳ ನೋವು ನಂಗೆ ಗೊತ್ತಾಗೋದಲ್ವಾ? ಅದೇ ನೋವು ನಂದೂ ಅಲ್ವಾ? ಬೇರೆ ಯಾವ ವಿಷಯದಲ್ಲಾದ್ರೂ ನೀನು ನನಗಿಂತ ಹೆಚ್ಚು ಅಂತ ಒಪ್ತಿದ್ದೆ. ಈ ಒಂದು ನೋವಿನ ವಿಷಯದಲ್ಲಿ ನನಗೇ ಹೇಳಬೇಕಾಗಿತ್ತು.

ಇನ್ನು ಅವಳು ಅಲ್ಲಿಗೆ ಬರಲ್ಲ. ಅವಳ ಪುಸ್ತಕ, ಬಟ್ಟೆ ಬಸ್ಸಿಗೆ ಹಾಕು. ಕಂಡಕ್ಟರ್‌ಗೆ ಹೇಳಿದ್ರೆ ಬಿಳಿಕೆರೇಲಿ ಇಳಿಸ್ತಾನೆ.

ಪುಟ್ಟಲಕ್ಷ್ಮಿ


ಪಿರಿಯಾಪಟ್ಟಣ
7-5-2006

ಅಕ್ಕ,

ಪುಸ್ತಕ ಕಳಿಸಿದ್ದೇನೆ. ಬಟ್ಟೆ ಕಳಿಸಿಲ್ಲ. ಮಡಿಸೋಕೆ ಕೂತೆ, ಆಗಲಿಲ್ಲ.

ಮಧು ನನಗೆ ಹೇಳಿದ್ದು ನಿಜ, ನಾನು ನಿನಗೆ ಬರೆಯದೆ ಇದ್ದದ್ದೂ ನಿಜ. ಬರೆದಿದ್ದರೆ ನೀನು ಮಾರನೇ ದಿನವೇ ಬಂದು ಕರಕೊಂಡು ಹೋಗ್ತಿದ್ದೆ. ಅದು ನನಗೆ ಬೇಡವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ, ಹುಡುಕಿ ನೋಡಿದೆ.

ರಮ್ಯಾ ಡಾಕ್ಟರನ್ನು ಹೋಗಿ ಕಂಡೆ. ಜನವರಿಯಲ್ಲಿ ಅಕ್ಕನಿಗೆ ಏನು ಹೇಳಿದಿರಿ ಅಂತ ಕೇಳಿದೆ. ಮಗಳೂ ದಪ್ಪ ಇದ್ದಾಳೆ, ಬಿಸಿಲಿಗೆ ಬರೋದೇ ಇಲ್ಲ ಅಂತೀರಿ, ಜೊತೆಗೆ ನಿಮ್ಮಿಂದ ಬಂದ ಕೊರತೆ ಬೇರೆ, ತಡಮಾಡದೆ ತೋರಿಸಿ ಅಂತ ಹೇಳಿದ್ದರಂತೆ. ಅದನ್ನು ನೀನು ಒಂದು ಸಾಲು ಬರೆದೆ ಅಕ್ಕ. ಉಳಿದ ಪುಟ ತುಂಬಾ ನಂದೇ ನಂದೇ ಅಂತ ಇತ್ತು. ನಾನು ಆ ಪುಟ ನೋಡಿದೆ, ಸಾಲು ನೋಡಲಿಲ್ಲ.

ಮೊದಲೇ ಹೇಳಬೇಕಾಗಿದ್ದ ಇನ್ನೊಂದು ವಿಷಯ ಇದೆ. ನಾನು ಫ್ಯಾನ್ ಕೆಳಗೆ ಕೂತಿರೋಳಲ್ಲ. ಇಲ್ಲಿ ಹಗಲು ಕರೆಂಟ್ ಇರಲ್ಲ, ಅಂಗಡಿ ಒಳಗೆ ಸೂಜಿಗೆ ದಾರ ಪೋಣಿಸೋಕೂ ಬೆಳಕಿಲ್ಲ. ಎರಡು ವರ್ಷದಿಂದ ಮಿಷಿನ್ನು ರಸ್ತೆ ಬದಿ ಜಗಲಿಗೆ ತಂದು, ಮಧ್ಯಾಹ್ನದ ತನಕ ಬಿಸಿಲಲ್ಲೇ ಕೂತು ಹೊಲೀತೀನಿ. ಹೋಗಿ ಬರೋರೆಲ್ಲ ನನ್ನ ಮೈ ನೋಡಿಕೊಂಡು ಹೋಗ್ತಾರೆ. ನೀನು ನನ್ನನ್ನ ನೆರಳಲ್ಲಿ ಸುಖವಾಗಿದ್ದಾಳೆ ಅಂತ ಅಂದುಕೊಂಡಿದ್ದೆ. ಅಂದುಕೊಳ್ಳಲಿ ಅಂತ ಬಿಟ್ಟೆ. ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಪಡೋಕೆ ಏನಾದರೂ ಇದೆ ಅನ್ನೋದೇ ನನಗೆ ದೊಡ್ಡದಾಗಿತ್ತು.

ಈಗ ಡಾಕ್ಟರಿಗೆ ಜಗಲಿ ವಿಷಯ ಹೇಳಿದೆ. ಬಿಸಿಲೂ ಸೇರಿದೆ, ಹುಟ್ಟಿನಿಂದ ಬಂದದ್ದೂ ಸೇರಿದೆ, ಯಾವುದು ಎಷ್ಟು ಅಂತ ಒಬ್ಬರ ವಿಷಯದಲ್ಲಿ ಹೇಳೋಕಾಗಲ್ಲ ಅಂದರು. ಬರೆದುಕೊಂಡರು. ಆಮೇಲೆ, ನಿಮ್ಮದು ಎರಡೂ ಒಳ್ಳೆಯದೇ, ನಿಮ್ಮ ಮಕ್ಕಳಿಗೆ ಒಂದು ಖಂಡಿತಾ ಹೋಗುತ್ತೆ ಅಂದುಬಿಟ್ಟರು. ಅಂದ ಮೇಲೆ ನೆನಪಾಗಿ ತಲೆ ತಗ್ಗಿಸಿದರು.

ಅಪ್ಪ ಅವ್ವನ ಹತ್ತಿರ ಇದ್ದ ಒಳ್ಳೇದೆಲ್ಲ ನನಗೇ ಬಂತು ಅಂತ ನಿನಗೆ ಉರಿ. ಬಂತು ಅಕ್ಕ. ಬಂದು ನನ್ನಲ್ಲೇ ನಿಂತುಹೋಯಿತು. ಕೊಡೋಕೆ ನನಗೆ ಯಾರಿದ್ದಾರೆ? ನಿನ್ನದು ಕೊರತೆಯಾದರೂ ಮಗಳ ಮೂಳೆ ತನಕ ಹೋಗಿ ಸೇರಿದೆ. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು, ತಾಯಿಗೂ ಹೀಗೇ ಇದೆಯಾ ಅಂತ ಕೇಳಿದಾಗ ನೀನು ಎದ್ದು ನಿಂತೆ. ಆಗ ನನಗೆ ಆದ ಹೊಟ್ಟೆಯುರಿ ಈ ಜನ್ಮದಲ್ಲಿ ಯಾವತ್ತೂ ಆಗಿರಲಿಲ್ಲ.

ವಿಮಲ


ಬಿಳಿಕೆರೆ
11-6-2006

ವಿಮಲಿ,

ನಿನ್ನ ಕಾಗದ ಬಂದು ತಿಂಗಳ ಮೇಲಾಯ್ತು. ಬರೆಯೋಕೆ ಕೂತಾಗೆಲ್ಲ ಬೈಗುಳವೇ ಬರ್ತಿತ್ತು, ಹರಿದು ಒಲೆಗೆ ಹಾಕ್ತಿದ್ದೆ.

ಮಧು ಕಾಲಿನ ಸಿಮೆಂಟು ತೆಗೆದ್ರು. ಪುಡಿ ನಾವಿಬ್ರೂ ಒಂದೇ ದಿನ ಕುಡೀತೀವಿ. ಅವಳು ಮೂಗು ಹಿಡ್ಕಂಡು ಕುಡೀತಾಳೆ. ನನ್ನ ತೊಡೆ ನೋವು ಎಷ್ಟೋ ಇಳಿದದೆ, ಈಗ ಗೋಡೆ ಹಿಡೀದೆ ಏಳ್ತೀನಿ. ನಮ್ಮತ್ತೆ ನೋಡ್ಕಂಡು ಒಳಗೆ ಹೋಗ್ತಾಳೆ. ಮಧುಗೆ ಮಾತ್ರ ಬೆಳಿಗ್ಗೆ ಹೊತ್ತು ಬಿಸಿಲಲ್ಲಿ ಕೂರು ಮಗ ಅಂತ ಚಾಪೆ ಹಾಕ್ಕೊಡ್ತಾಳೆ. ನಂಗೆ ಆ ಚಾಪೆ ಯಾವತ್ತೂ ಹಾಕಿರಲಿಲ್ಲ.

ಹೋದ ವಾರ ಹುಣಸೂರು ಕಾಲೇಜಿಗೆ ಸೇರಿಸೋಕೆ ಹೋಗೋಣ ನಡಿ ಅಂದೆ. ಮಧು ಅಲ್ಲಾಡಲಿಲ್ಲ. ನಂಗೆ ಸಿಟ್ಟು ಬಂತು. ಅಲ್ಲೇ ಹೋಗಬೇಕಾ, ಅವಳೇ ಬೇಕಾ ನಿಂಗೆ ಅಂತ ಕೇಳ್ದೆ. ನೀನು ಅವಳ ಥರ ಅಲ್ಲ ಕಣೆ, ನೀನು ನನ್ನ ಥರ, ಡಾಕ್ಟ್ರೇ ಹೇಳವ್ರೆ ಅಂದೆ.

ಮಧು ನನ್ನೇ ನೋಡ್ತಾ ಹೇಳಿದ್ಲು. "ನಾನು ಯಾರ ಥರ ಇದೀನಿ ಅಂತ ನೀವಿಬ್ರೂ ಒಂದು ವರ್ಷ ನೋಡಿದ್ರಿ ಕಣವ್ವ. ನನ್ನ ಕಾಲು ಯಾರೂ ನೋಡ್ಲಿಲ್ಲ."

ನಾನು ಹೊಲಕ್ಕೆ ಎದ್ದು ಹೋದೆ. ಹೊಗೆಸೊಪ್ಪಿನ ಸಸಿ ನೆಡೋ ಕಾಲ, ಆಳುಗಳು ಇದ್ರು, ಅವರ ಜೊತೆ ಬಗ್ಗಿ ನೆಡ್ತಾ ಹೋದೆ. ಮಾತು ಹಿಂದೇನೇ ಬತ್ತಾ ಇತ್ತು. ಅವಳಿಗೆ ನಿನ್ನ ಮೇಲೂ ಸಿಟ್ಟಿದೆ, ತಿಳ್ಕೊ. ನನ್ನೊಬ್ಬಳ ಮೇಲೇ ಅಲ್ಲ ಅಂತ ಸ್ವಲ್ಪ ಸಮಾಧಾನ ಆಯ್ತು.

ಸಾಯಂಕಾಲ ಬಂದು ಕೇಳ್ದೆ, ಏನು ಮಾಡ್ತೀಯ ಹೇಳು ಅಂತ. ಅಲ್ಲೇ ಓದಿ ಮುಗಿಸ್ತೀನಿ, ಪಾಠ ಚೆನ್ನಾಗಿ ಹೇಳ್ಕೊಡ್ತಾರೆ ಅಂದ್ಲು. ಚಿಕ್ಕಮ್ಮ ಚೆನ್ನಾಗಿ ನೋಡ್ಕತಾರೆ ಅಂತ ಹೇಳಲಿಲ್ಲ. ನನ್ನ ಮನಸ್ಸು ನೋಯಿಸಬಾರದು ಅಂತ ಹೇಳಲಿಲ್ಲ ಅನ್ನೋದು ನಂಗೆ ಗೊತ್ತಾಯ್ತು.

ಅದಕ್ಕೆ ಕಳಿಸ್ತಿದೀನಿ. ನೀನು ಬರೆದದ್ದಕ್ಕೆ ಕರಗಿ ಕಳಿಸ್ತಿದೀನಿ ಅಂತ ತಿಳ್ಕಬ್ಯಾಡ. ನಿಂಗೆ ಮಕ್ಕಳಿಲ್ಲ ಅನ್ನೋದು ಅಕ್ಕಂದಿರು ಅಳಬೇಕಾದ ವಿಷಯ, ನಾನು ಅತ್ತೂ ಇದೀನಿ, ನಿನ್ನ ಮುಂದೆ ಅಲ್ಲ. ಆದ್ರೂ ನಿನ್ನ ಮನೆ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗೋದ ನೆನೆಸ್ಕಂಡ್ರೆ ನನ್ನ ಹೊಟ್ಟೇಲಿ ಈಗಲೂ ಬೆಂಕಿ ಬೀಳ್ತದೆ. ಅದು ಆರಿದ ಮೇಲೆ ಕಳಿಸ್ತೀನಿ ಅಂತ ಕೂತ್ರೆ ಅವಳ ಓದು ಮುಗಿಯಲ್ಲ. ಬೆಂಕಿ ಇಟ್ಕಂಡೇ ಕಳಿಸ್ತಿದೀನಿ.

ಅವಳ ರಕ್ತ ಆಗಸ್ಟಿನಲ್ಲಿ ಮತ್ತೆ ನೋಡಬೇಕಂತೆ. ಮೈಸೂರಿಗೆ ನೀನೂ ಬಾ, ನಾನೂ ಬತ್ತೀನಿ. ಎಷ್ಟು ಬಂತು ಅಂತ ಇಬ್ರೂ ಒಟ್ಟಿಗೆ ಕೇಳೋಣ.

ಹತ್ತೊಂಬತ್ತನೇ ತಾರೀಕು ಸೋಮವಾರ ಬೆಳಗಿನ ಬಸ್ಸಿಗೆ ಹತ್ತಿಸ್ತೀನಿ. ಬೇಗ ಬಂದು ನಿಂತಿರು. ಪಾದ ಇನ್ನೂ ಪೂರ್ತಿ ಊರಲ್ಲ, ಬಸ್ಸಿನ ಮೆಟ್ಟಿಲು ಎತ್ತರ. ಜನರ ಮುಂದೆ ಕೈ ಹಿಡೀಬ್ಯಾಡಿ, ನಾಚಿಕೆ ಆಯ್ತದೆ ಅಂತಾಳೆ. ನೀನು ಕೇಳಬ್ಯಾಡ. ಕೆಳಗಿಳಿಯೋ ತನಕ ಗಟ್ಟಿಯಾಗಿ ಹಿಡ್ಕೊ.

ಪುಟ್ಟಲಕ್ಷ್ಮಿ